ಗಡಿಯಾರಪ್ಪನ ಮುಂದಿನ ಸೈಟು

ಗಡಿಯಾರಪ್ಪನ ಕಣ್ಣಿಗೆ ಏನೂ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವನೂ ಸಿಕ್ಕವರಿಗೆಲ್ಲ ಮೊದಲು ಹೇಳುತ್ತಿದ್ದುದು ಇದನ್ನೇ. ಆಗಿದ್ದೇನಿದ್ದರೂ ಲೋಕಕ್ಕೆ ಆಗಿತ್ತು. ಪತ್ರಿಕೆಯವರು ಅಕ್ಷರ ಸಣ್ಣ ಮಾಡಿದ್ದರು. ಔಷಧಿ ತಯಾರಿಸುವವರು ಶಾಯಿ ಉಳಿಸಲು ಹೊರಟಿದ್ದರು. ಸೂಜಿ ಮಾಡುವವರು ತೂತು ಕೊರೆಯುವುದನ್ನೇ ಬಿಟ್ಟಿದ್ದರು. ಐವತ್ತರ ಹೊಸ್ತಿಲು ದಾಟಿದ ಸಭ್ಯ ಮನುಷ್ಯನೊಬ್ಬ ಇಷ್ಟು ಜನರ ಅಪ್ರಾಮಾಣಿಕತೆಗೆ ಹೊಣೆ ಹೊರಬೇಕೆ?

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನದೊಂದು ಗಡಿಯಾರ ರಿಪೇರಿ ಅಂಗಡಿ. ಒಳಗೆ ಒಬ್ಬರು ಕೂತರೆ ಇನ್ನೊಬ್ಬರು ಬೀದಿಯಲ್ಲೇ ನಿಲ್ಲಬೇಕು, ಅಷ್ಟಗಲ. ಕೆಲಸಕ್ಕೆ ಕೂತಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಭೂತಗನ್ನಡಿ ಇತ್ತು. ಅದು ಕಸುಬಿನ ಉಪಕರಣ, ಸ್ಕ್ರೂಡ್ರೈವರ್ ಇದ್ದ ಹಾಗೆ. ಅದನ್ನು ಯಾರೂ ಕನ್ನಡಕ ಎನ್ನುವಂತಿರಲಿಲ್ಲ.

ಅವನ ದುರದೃಷ್ಟಕ್ಕೆ ಹೆಂಡತಿಯ ತಮ್ಮನದು ಕನ್ನಡಕದ ಅಂಗಡಿ. ಆ ಮೈದುನ ಎದುರಿಗೆ ಬಂದವರ ಮುಖ ನೋಡುತ್ತಿರಲಿಲ್ಲ. ಮೂಗಿನ ಮೇಲೆ ಖಾಲಿ ಜಾಗ ಎಷ್ಟಿದೆ ಎಂದು ನೋಡುತ್ತಿದ್ದ. ಯಾರ ಮನೆಯ ಊಟಕ್ಕೆ ಹೋಗಲಿ, ನಾಲ್ಕು ಜನರ ಮುಂದೆ, "ಭಾವ, ತಟ್ಟೆ ಯಾಕೆ ಅಷ್ಟು ದೂರ ಇಟ್ಕೊಂಡಿದ್ದೀರಿ? ಒಂದ್ಸಲ ಅಂಗಡಿ ಕಡೆ ಬನ್ನಿ" ಎನ್ನುತ್ತಿದ್ದ. ಆಗೆಲ್ಲ ಗಡಿಯಾರಪ್ಪ ತಟ್ಟೆಯನ್ನು ಇನ್ನೊಂದು ಗೇಣು ಆಚೆ ತಳ್ಳಿ, ಕೈ ಚಾಚಿ ಚಾಚಿ ಉಣ್ಣುತ್ತಿದ್ದ. ಪ್ರಾಣ ಹೋದರೂ ಸರಿ, ಮೈದುನನ ಗಾಜು ತನ್ನ ಮೂಗೇರಕೂಡದು. ಇದು ಅವನ ಶಪಥ.

ಗಡಿಯಾರಪ್ಪನಿಗೆ ಬದುಕಿನಲ್ಲಿ ಇದ್ದ ಒಂದೇ ಶೋಕಿ ಎಂದರೆ ಪಿಸ್ತೂಲ್ ಕ್ಲಬ್ಬು. ಊರಾಚೆಯ ಹಳೇ ಕಲ್ಲು ಕ್ವಾರಿಯಲ್ಲಿ ಮಣ್ಣಿನ ದಿಬ್ಬ ಎಬ್ಬಿಸಿ, ಅದರ ಮುಂದೆ ಗುರಿಹಲಗೆಗಳನ್ನು ಸಾಲಾಗಿ ನೆಟ್ಟಿದ್ದರು. ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಪಿಸ್ತೂಲು ಹಿಡಿದು ನಿಂತನೆಂದರೆ ವಾರವಿಡೀ ಬೇರೆಯವರ ಗಡಿಯಾರಕ್ಕೆ ಕೊಟ್ಟ ಸಮಯವನ್ನು ಬಡ್ಡಿಸಮೇತ ಹಿಂದಕ್ಕೆ ಪಡೆದಷ್ಟು ಸಮಾಧಾನ. ಅಲ್ಲಿ ಎಲ್ಲರಿಗೂ ಕಡ್ಡಾಯವಾಗಿ ಕೊಡುವ ಬರಿಗಾಜಿನ ರಕ್ಷಣಾ ಕನ್ನಡಕವನ್ನು ಅವನು ಹಾಕುತ್ತಿದ್ದ ನಿಜ. ಆದರೆ ಅದು ಹೆಲ್ಮೆಟ್ಟಿನ ಪೈಕಿ, ಕನ್ನಡಕದ ಪೈಕಿ ಅಲ್ಲ ಎಂಬುದು ಅವನ ವಾದ.

ಪಿಸ್ತೂಲಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಕಬ್ಬಿಣದ ಗೂಟ ಇರುತ್ತದೆ, ಹಿಡಿಕೆಯ ಮೇಲೆ ಒಂದು ಸೀಳು. ಸೀಳಿನ ನಟ್ಟನಡುವೆ ಗೂಟ ನಿಂತಂತೆ ಕಾಣಬೇಕು, ಗೂಟದ ನೆತ್ತಿಯ ಮೇಲೆ ದೂರದ ಹಲಗೆಯ ಕಪ್ಪು ಬೊಟ್ಟು ಕೂತಂತಿರಬೇಕು. ಗೂಟಕ್ಕೆ ಕ್ಲಬ್ಬಿನವರು 'ಮುಂದಿನ ಸೈಟು' ಎನ್ನುತ್ತಾರೆ, ಸೀಳಿಗೆ 'ಹಿಂದಿನ ಸೈಟು'. ಊರಿನ ಉಳಿದ ಸಮಸ್ತರಿಗೂ ಸೈಟು ಎಂದರೆ ಮನೆ ಕಟ್ಟುವ ಜಾಗ. ತೊಂದರೆಯೆಲ್ಲ ಇಲ್ಲೇ ಹುಟ್ಟಿದ್ದು.

ಒಂದು ಭಾನುವಾರ ಗಡಿಯಾರಪ್ಪ ಕೈ ಚಾಚಿ ನೋಡುತ್ತಾನೆ, ಮುಂದಿನ ಸೈಟು ಇಲ್ಲ! ಅಂದರೆ ಇದ್ದಿರಬಹುದು, ಆದರೆ ಅದರ ಜಾಗದಲ್ಲಿ ಹೊಗೆಯಂಥ ಏನೋ ಒಂದು ತೇಲಾಡುತ್ತಿತ್ತು. ಕಪ್ಪು ಗೂಟ, ಕಪ್ಪು ಬೊಟ್ಟು, ಎರಡೂ ಕಲಸಿಕೊಂಡು ಕತ್ತಲೆಯಲ್ಲಿ ಕಪ್ಪು ಬೆಕ್ಕು ಹುಡುಕಿದ ಹಾಗಾಯಿತು. ಗುಂಡುಗಳು ಹಲಗೆಯ ಅಂಚು ಸವರಿಕೊಂಡು ತಮ್ಮ ಪಾಡಿಗೆ ತಾವು ಹೋದವು.

ಇಂಥ ಹೊತ್ತಿನಲ್ಲೇ ಕ್ಲಬ್ಬಿನ ಅಧ್ಯಕ್ಷರು ಹೊಸ ನಿಯಮ ತಂದಿದ್ದರು. ಅಧ್ಯಕ್ಷರದು ಲೇಔಟ್ ಮಾಡಿ ಮಾರುವ ವ್ಯವಹಾರ. ಎಲ್ಲಿ ಖಾಲಿ ಮಾಡಿಸಬಹುದು ಎಂಬುದೇ ಅವರಿಗೆ ಸದಾ ಚಿಂತೆ. "ಮುಂದಿನ ಭಾನುವಾರ ಎಲ್ಲರಿಗೂ ಪರೀಕ್ಷೆ. ಫೇಲಾದವರ ಸದಸ್ಯತ್ವ ರದ್ದು. ಕ್ಲಬ್ಬಿಗೆ ಹೊಸ ರಕ್ತ ಬೇಕು" ಎಂದು ಘೋಷಿಸಿ, ಗಡಿಯಾರಪ್ಪನ ಕಡೆ ನೋಡಿ ಗಂಟಲು ಸರಿಮಾಡಿಕೊಂಡಿದ್ದರು. ಮಾದರಿಯಾಗಿ ತಾವೂ ಪರೀಕ್ಷೆಗೆ ನಿಲ್ಲುವುದಾಗಿ ಬೇರೆ ಹೇಳಿದ್ದರು.

"ಹೊಸ ರಕ್ತವಂತೆ! ಇದೇನು ಕ್ಲಬ್ಬೋ, ಸೊಳ್ಳೆಗಳ ಸಂಘವೋ?" ಎಂದು ಗೊಣಗಿಕೊಂಡೇ ಮನೆಗೆ ಬಂದ ಗಡಿಯಾರಪ್ಪ, ಹಿತ್ತಲ ಮೆಟ್ಟಿಲ ಮೇಲೆ ಕೂತು ರೇಂಜ್ ಮೇಡಂಗೆ ಫೋನ್ ಮಾಡಿದ. ಗುಂಡು ಹಾರಿಸುವ ಜಾಗದ ಪೂರ್ತಿ ಉಸ್ತುವಾರಿ ಈಕೆಯದು. ಹಿಂದೆ ಸೈನ್ಯದಲ್ಲಿದ್ದವರು; ಮಾತನ್ನೂ ಗುಂಡಿನಷ್ಟೇ ಲೆಕ್ಕ ಹಾಕಿ ಖರ್ಚು ಮಾಡುವವರು.

"ಮೇಡಂ, ನನ್ನ ಮುಂದಿನ ಸೈಟು ಪೂರ್ತಿ ಕೈಬಿಟ್ಟು ಹೋಯ್ತು... ಹಿಂದಿನ ಸೈಟು ಪರವಾಗಿಲ್ಲ, ಅದು ಹೇಗಿದ್ರೂ ಖಾಲಿನೇ ಅಲ್ವಾ... ಬಣ್ಣ ಹಚ್ಚಿದ್ರೆ ಎದ್ದು ಕಾಣುತ್ತಾ?... ಉಗುರಿನ ಬಣ್ಣನಾ! ಕಿತ್ತಳೆ?... ಆಗಲಿ ಮೇಡಂ, ಭಾನುವಾರ ತರ್ತೀನಿ. ಆದ್ರೆ ಮನೇಲಿ ಯಾರಿಗೂ ಗೊತ್ತಾಗೋದು ಬೇಡ. ಅದ್ರಲ್ಲೂ ನನ್ನ ಮೈದುನನಿಗೆ."

ಫೋನಿಟ್ಟು ತಿರುಗಿದರೆ ಹೆಂಡತಿ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ಬಾಗಿಲಲ್ಲೇ ನಿಂತಿದ್ದಾಳೆ. ಮೊದಲಿನ ಮಾತೂ ಕೊನೆಯ ಮಾತೂ ಕೇಳಿಸಿವೆ. ನಡುವಿನದು ನಲ್ಲಿಯ ಸದ್ದಿನಲ್ಲಿ ಕೊಚ್ಚಿಹೋಗಿದೆ.

"ರೀ, ನಿಮ್ದು ಸೈಟಿದೆಯಾ?"

ಇದೊಂದು ಗಂಭೀರವಾದ ಘಳಿಗೆ. ನಿಜ ಹೇಳಿದರೆ ಗೂಟ ಯಾಕೆ ಕಾಣುತ್ತಿಲ್ಲ ಎಂದು ಹೇಳಬೇಕು. ಅದನ್ನು ಹೇಳಿದರೆ ಮೈದುನ ಅಳತೆಪಟ್ಟಿ ಹಿಡಿದು ಬಂದ ಎಂದೇ ಅರ್ಥ. ಗಡಿಯಾರಪ್ಪ ಎದೆ ಸೆಟೆದ.

"ಇದೆ! ಏನೀಗ? ಸುಮಾರು ವರ್ಷದಿಂದ ಇದೆ."

"ಎಲ್ಲಿ?"

"ಕ್ವಾರಿ ಹತ್ರ."

"ಎಷ್ಟು ದೊಡ್ಡದು?"

"ನನಗೆ ಸಾಕಾಗೋಷ್ಟು."

ಹೆಂಡತಿ ಬಕೆಟ್ಟನ್ನು ಕೆಳಗಿಟ್ಟ ಸದ್ದಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಸಂಜೆಯೊಳಗೆ ಮೈದುನ ಹಾಜರ್. ಬಂದವನೇ ಭಾವನ ಪಕ್ಕದಲ್ಲಿ ಮಂಡಿಗೆ ಮಂಡಿ ತಾಗುವಂತೆ ಕೂತ. ಕಣ್ಣಿನ ಮಾತಿಲ್ಲ, ಕನ್ನಡಕದ ಮಾತಿಲ್ಲ. ಗಡಿಯಾರಪ್ಪ ಕಾಫಿ ಲೋಟವನ್ನು ಬೇಕೆಂದೇ ಮಾರುದೂರ ಹಿಡಿದು ನೋಡಿದ, ಆಗಲೂ ಇಲ್ಲ!

"ಭಾವ, ಹಿಂದಿನ ಸೈಟು ಖಾಲಿ ಇದೆಯಂತೆ?"

"ಖಾಲಿ ಇದ್ರೇನೇ ಅದು ಸೈಟು. ತುಂಬಿಸಿದ್ರೆ ಕೆಲಸ ಕೆಟ್ಟುಹೋಗುತ್ತೆ."

"ಹಾಗಲ್ಲ, ಮುಂದಿನದ್ರಲ್ಲಿ ನೀವಿರಿ. ಹಿಂದಿನದ್ರಲ್ಲಿ ನಾನೊಂದು ಸಣ್ಣ ಅಂಗಡಿ ಹಾಕ್ಕೊಂಡ್ರೆ..."

"ಆಗೋದಿಲ್ಲ. ಹಿಂದಿನದ್ರ ನಡುವೆ ಮುಂದಿನದು ಕಾಣ್ತಾ ಇರ್ಬೇಕು. ಅಡ್ಡ ಏನೂ ಬರಕೂಡದು."

ಮೈದುನ ಬೆಕ್ಕಸ ಬೆರಗಾಗಿ ಅಕ್ಕನ ಮುಖ ನೋಡಿದ. ಇಷ್ಟು ಕರಾರುವಾಕ್ಕಾಗಿ ವ್ಯವಹಾರ ಮಾತಾಡುವ ಭಾವನನ್ನು ಅವನು ಈವರೆಗೆ ಕಂಡಿರಲಿಲ್ಲ. ಇತ್ತ ಗಡಿಯಾರಪ್ಪನಿಗೆ ಇದು ಬಲು ಹಿತವಾಗತೊಡಗಿತು. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಆದರೂ ಮನೆಯಲ್ಲಿ ಗೌರವ ಏರುತ್ತಿತ್ತು.

ಮರುದಿನ ಎದುರುಮನೆಯ ನಿವೃತ್ತ ಹೆಡ್‌ಮಿಸ್ ಗೇಟಿನಲ್ಲೇ ತಡೆದರು. ಇವರಿಗೆ ಗೊತ್ತಾದ ಸುದ್ದಿಯನ್ನು ಬೇರೆ ಯಾರೂ ಪತ್ರಿಕೆಯಲ್ಲಿ ಓದಬೇಕಾದ ಅಗತ್ಯ ಬೀಳುತ್ತಿರಲಿಲ್ಲ.

"ಸೈಟು ಮಾಡಿದ್ದೀಯಂತೆ, ಸಂತೋಷಪ್ಪಾ. ನೀರಿನ ಅನುಕೂಲ ಇದೆಯೋ?"

"ನೀರು ತಾಗಿಸೋ ಹಾಗೇ ಇಲ್ಲ ಮಿಸ್. ತುಕ್ಕು ಹಿಡಿದುಬಿಡುತ್ತೆ."

ಹೆಡ್‌ಮಿಸ್ ಈ ಉತ್ತರವನ್ನು ಮಧ್ಯಾಹ್ನದವರೆಗೆ ಮನಸ್ಸಿನಲ್ಲೇ ಅರೆದು, ಸಂಜೆಗೆ ಬೀದಿಗೆ ತೀರ್ಪು ಕೊಟ್ಟರು: ನೀರು ಬಿದ್ದರೆ ನೆಲ ತುಕ್ಕು ಹಿಡಿಯುತ್ತದೆಂದರೆ ಅಲ್ಲಿ ಕಬ್ಬಿಣದ ಅದಿರಿದೆ. ಗಡಿಯಾರದ ಅಂಗಡಿ ಬರೀ ತೋರಿಕೆಗೆ. ಮನುಷ್ಯ ಗಣಿ ಮಾಲೀಕ!

ಇಷ್ಟಕ್ಕೇ ನಿಂತಿದ್ದರೆ ಗಡಿಯಾರಪ್ಪ ಆ ಭಾನುವಾರದವರೆಗೆ ಸುಖವಾಗಿ ಗಣಿ ಮಾಲೀಕನಾಗಿಯೇ ಇರುತ್ತಿದ್ದ. ಆದರೆ ಶುಕ್ರವಾರ ಅವನು ಫ್ಯಾನ್ಸಿ ಸ್ಟೋರಿಗೆ ಹೋಗಿ, ಇದ್ದಬದ್ದ ಕಿತ್ತಳೆ ಬಣ್ಣಗಳನ್ನೆಲ್ಲ ಬಿಸಿಲಿಗೆ ಹಿಡಿದು, ಕಣ್ಣಿಗೆ ಹೊಡೆಯುವಂಥ ಒಂದು ಶೀಶೆಯನ್ನು ಆರಿಸಿ ಜೇಬಿಗಿಳಿಸಿದ. ರಾತ್ರಿ ಊಟಕ್ಕೆ ಬಗ್ಗಿದಾಗ ಅದು ಜೇಬಿನಿಂದ ಜಾರಿ ಹೆಂಡತಿಯ ಕಾಲ ಬಳಿಗೇ ಉರುಳಿತು. ವಸ್ತುಗಳಿಗೂ ಇಂಥ ಹೊತ್ತಿನಲ್ಲಿ ಒಂದು ದಿಕ್ಕು ಗೊತ್ತಿರುತ್ತದೆ.

ಹೆಂಡತಿ ಶೀಶೆ ಎತ್ತಿ ದೀಪಕ್ಕೆ ಹಿಡಿದಳು. "ನನಗಾ?"

ಹೌದೆಂದರೆ ಮುಗಿಯುತ್ತಿತ್ತು. ಆದರೆ ಹೌದೆಂದರೆ ಶೀಶೆ ಹೋಗುತ್ತಿತ್ತು.

"ನಿನಗಲ್ಲ. ಸೈಟಿಗೆ."

"ಸೈಟಿಗೆ ಉಗುರು ಬಣ್ಣ?" ಹೆಂಡತಿಯ ದನಿ ಇಳಿಯಿತು. ಅದು ಏರಿದಾಗ ಹೆದರಬೇಕಾಗಿರಲಿಲ್ಲ, ಇಳಿದಾಗ ಹೆದರಬೇಕಿತ್ತು. "ಸೈಟಲ್ಲಿ ಯಾರಿರ್ತಾರೆ?"

"ಯಾರಿರ್ತಾರೆ? ಭಾನುವಾರ ಅಲ್ವಾ, ಮೇಡಂ ಇರ್ತಾರೆ."

ಆಮೇಲೆ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಶನಿವಾರ ಪೂರ್ತಿ ತಟ್ಟೆಗೆ ಅನ್ನ ಬಿತ್ತು, ಬಾಯಿಂದ ಸೊಲ್ಲು ಬೀಳಲಿಲ್ಲ. ಗಡಿಯಾರಪ್ಪ ಕಾರಣ ಕೇಳಲಿಲ್ಲ. ಕೇಳಿದರೆ ತಾನು ಸೋತ ಹಾಗೆ ಎಂದುಕೊಂಡ. ನಿಜಕ್ಕೂ ಅವನಿಗೆ ಕಾರಣ ಹೊಳೆದೇ ಇರಲಿಲ್ಲ.

ಭಾನುವಾರ ಅವನು ಬಸ್ಸು ಹಿಡಿದು ಕ್ಲಬ್ಬಿಗೆ ಹೋದ. ರೇಂಜ್ ಮೇಡಂ ಪಿಸ್ತೂಲಿನಲ್ಲಿ ಗುಂಡಿಲ್ಲವೆಂದು ಎರಡು ಸಲ ನೋಡಿ, ಅವನ ಮುಂದೆ ಮೇಜಿನ ಮೇಲಿಟ್ಟರು. ಗಡಿಯಾರಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಗೂಟದ ಎಣ್ಣೆಪಸೆ ಒರೆಸಿ, ಮೊದಲು ಅಂಗಡಿಯಿಂದ ತಂದಿದ್ದ ಬಿಳಿ ಬಣ್ಣದ ಒಂದು ತೆಳು ಪದರ, ಅದು ಒಣಗಿದ ಮೇಲೆ ಕಿತ್ತಳೆ ಹಚ್ಚಿದ. ಸೀಳಿನ ಕಡೆಗಿರುವ ಮೈಗೆ ಮಾತ್ರ, ಅಂಚು ದಾಟದ ಹಾಗೆ. ಗಡಿಯಾರದ ಮುಳ್ಳುಗಳಿಗೆ ಬಣ್ಣ ಕೊಟ್ಟು ಪಳಗಿದ ಕೈ.

"ಇದು ನಿಯಮಬಾಹಿರ!" ಎಂದರು ಅಧ್ಯಕ್ಷರು.

"ಯಾವ ನಿಯಮ?" ಎಂದರು ಮೇಡಂ. ಅಧ್ಯಕ್ಷರು ಯೋಚಿಸತೊಡಗಿದರು. ಅಷ್ಟರಲ್ಲಿ ಮೇಡಂ ಎಲ್ಲರನ್ನೂ ಸಾಲಿಗೆ ನಿಲ್ಲಿಸಿದರು.

ಗಡಿಯಾರಪ್ಪ ಕೈ ಚಾಚಿದ. ಆಹಾ! ಸೀಳಿನ ನಡುವೆ ಸೂರ್ಯ ಹುಟ್ಟಿದಂತೆ ಗೂಟ ನಿಂತಿತ್ತು. ಎಷ್ಟು ದಿನದ ಮೇಲೆ! ತವರಿಗೆ ಹೋದವಳು ಹಿಂತಿರುಗಿ ಬಂದಷ್ಟು ಸಂಭ್ರಮದಿಂದ ಅದನ್ನೇ ನೋಡಿದ. ಬೇರೆ ಏನನ್ನೂ ನೋಡಲಿಲ್ಲ. ಹಲಗೆಗಳು ಮಸುಕಾಗಿ ಒಂದರ ಪಕ್ಕ ಒಂದು ನಿಂತಿದ್ದವು. ಅವುಗಳಲ್ಲೊಂದರ ಕಪ್ಪು ಬೊಟ್ಟನ್ನು ಕಿತ್ತಳೆಯ ನೆತ್ತಿಗೆ ಕೂರಿಸಿ, ಉಸಿರು ಬಿಗಿಹಿಡಿದು, ಒಂದಾದಮೇಲೊಂದು ಹೊಡೆದ. ಕೊನೆಯ ಗುಂಡು ಹಾರಿದಾಗ ಅವನಿಗೆ ಗೊತ್ತಾಯಿತು: ಇಷ್ಟು ಚೆನ್ನಾಗಿ ತಾನು ಯೌವನದಲ್ಲೂ ಹೊಡೆದಿರಲಿಲ್ಲ.

ಪಿಸ್ತೂಲನ್ನು ಕೆಳಗಿಟ್ಟು, ಕಿವಿಮುಚ್ಚಳ ತೆಗೆದು ಹಿಂತಿರುಗುತ್ತಾನೆ, ಬೇಲಿಯಾಚೆ ಹೆಂಡತಿ! ಅವಳ ಎಡಕ್ಕೆ ಮೈದುನ, ಬಲಕ್ಕೆ ಹೆಡ್‌ಮಿಸ್. ಮೂವರೂ ಮೈದುನನ ಬಿಳಿ ಕಾರಿನಲ್ಲಿ ಬಸ್ಸಿನ ಬೆನ್ನು ಹತ್ತಿ ಬಂದಿದ್ದರು.

"ಇಲ್ಲಿ ಮೇಡಂ ಅಂದ್ರೆ ಯಾರು?" ಎಂದು ಹೆಂಡತಿ ಗುಡುಗಿದಳು.

"ನಾನೇ. ಬೇಲಿ ದಾಟಬೇಡಿ" ಎಂದರು ಮೇಡಂ.

ಹೆಂಡತಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಬೆರಳುಗಳ ಮೇಲೆ ಕಣ್ಣು ನೆಟ್ಟಳು. ಮೊಂಡಾಗಿ ಕತ್ತರಿಸಿದ ಉಗುರು, ಸಂದಿಯಲ್ಲಿ ಸಿಡಿಮದ್ದಿನ ಮಸಿ. ಬಣ್ಣದ ಸುಳಿವಿಲ್ಲ. ಹೆಂಡತಿ ಗೊಂದಲಕ್ಕೆ ಬಿದ್ದಳು.

ಈ ನಡುವೆ ಹೆಡ್‌ಮಿಸ್ ಅಧ್ಯಕ್ಷರನ್ನು ಹಿಡಿದುಕೊಂಡಿದ್ದರು. "ಇಲ್ಲೇ ಎಲ್ಲೋ ಇವನ ಎರಡು ಸೈಟಿವೆಯಂತಲ್ಲ, ಅದಿರಿರೋದು, ಯಾವ ಕಡೆ ಬರುತ್ತೆ?"

ಅಧ್ಯಕ್ಷರು ಬೆಚ್ಚಿಬಿದ್ದರು. ಬಾಯಲ್ಲಿ ಪಿಸ್ತೂಲಿನ ಸೈಟು ಎಷ್ಟು ಬಂದರೂ ಅವರ ರಕ್ತದಲ್ಲಿದ್ದುದು ನೆಲದ ಸೈಟು. "ಇಲ್ಲಿ ಎರಡು ಸೈಟಾ? ನನಗೆ ಗೊತ್ತಿಲ್ಲದೆ? ಮಾರಿದವನು ಯಾವನು?"

ಇದಕ್ಕೆ ಉತ್ತರ ಸಿಗುವ ಮೊದಲೇ ಮೇಡಂ ಗುರಿಹಾಳೆಗಳನ್ನು ಬಿಚ್ಚಿ ತಂದರು. ಗಡಿಯಾರಪ್ಪನ ಹಾಳೆ ಶುಭ್ರವಾಗಿತ್ತು. ಒಂದೂ ತೂತಿಲ್ಲ, ಬೇಕಿದ್ದರೆ ಅದರ ಮೇಲೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಬಹುದಿತ್ತು. ಪಕ್ಕದ ಅಂಕಣ ಅಧ್ಯಕ್ಷರದು. ಅವರ ಹಾಳೆಯಲ್ಲಿ ಕಪ್ಪು ಬೊಟ್ಟಿನೊಳಗೆ, ಮಧ್ಯಕ್ಕಿಂತ ಕೊಂಚ ಕೆಳಗೆ ಎಡಕ್ಕೆ, ತೂತಿಗೆ ತೂತು ಮುತ್ತಿಡುವಂತೆ ಒಂದು ಗೊಂಚಲು.

"ನೋಡಿ!" ಎಂದರು ಅಧ್ಯಕ್ಷರು, ಒಂದು ಕ್ಷಣ ತಾವೇ ಬೆರಗಾಗಿ, ಮರುಕ್ಷಣ ಹಿಗ್ಗಿ. "ಮಾದರಿ ಅಂದ್ರೆ ಇದು."

ಗಡಿಯಾರಪ್ಪ ಹಾಳೆಯ ಮೇಲೆ ಬಗ್ಗಿದ. ಆ ಗೊಂಚಲನ್ನು ಅವನು ಬಲ್ಲ. ಕೆಳಗೆ ಎಡಕ್ಕೆ, ಗಡಿಯಾರದ ಏಳು ಗಂಟೆಯ ಜಾಗ: ಅವನ ಗುಂಡು ಯಾವತ್ತೂ ವಾಲುತ್ತಿದ್ದುದು ಅಲ್ಲಿಗೇ.

ಮೇಡಂ ತೂತು ಎಣಿಸಿದರು. "ಇದರಲ್ಲಿರೋದು ಒಬ್ಬರ ಗುಂಡು ಮಾತ್ರ. ಇನ್ನೊಬ್ಬರದು ಹಲಗೆಯ ಚೌಕಟ್ಟಿನಲ್ಲೂ ಮಣ್ಣಿನಲ್ಲೂ ಇದೆ. ಯಾರದು ಯಾವುದು?"

ಅಧ್ಯಕ್ಷರು ಗಡಿಯಾರಪ್ಪನ ಕಿವಿಗೆ ಬಾಗಿದರು. "ಸುಮ್ನಿರಿ. ಇವತ್ತು ಮೈಗೆ ಹುಷಾರಿರಲಿಲ್ಲ ಅಂತ ಹೇಳಿ. ನಿಮ್ಮ ಸದಸ್ಯತ್ವ ನಾನು ನೋಡ್ಕೋತೀನಿ."

ಇಂಥ ಸುಲಭದ ದಾರಿ ಗಡಿಯಾರಪ್ಪನ ಬದುಕಿನಲ್ಲಿ ಹಿಂದೆ ತೆರೆದಿರಲಿಲ್ಲ. ಸುಮ್ಮನಿದ್ದರೆ ಕ್ಲಬ್ಬೂ ಉಳಿಯುತ್ತಿತ್ತು, ಕಣ್ಣಿನ ಮಾನವೂ ಉಳಿಯುತ್ತಿತ್ತು. ಬಾಯಿ ಬಿಟ್ಟರೆ, ತನ್ನ ಹಲಗೆ ಯಾವುದು ಎಂದೇ ತಿಳಿಯದೆ ಪಕ್ಕದವರದಕ್ಕೆ ಹೊಡೆದೆ ಎಂದು ಒಪ್ಪಿಕೊಳ್ಳಬೇಕು. ಅದೂ ಮೈದುನ ಬೇಲಿಗೆ ಗದ್ದ ಊರಿ ನಿಂತಿರುವಾಗ. ಅವನು ಆ ಗೊಂಚಲನ್ನು ಇನ್ನೊಮ್ಮೆ ನೋಡಿದ. ಅದನ್ನು ಬಿಟ್ಟುಕೊಡುವುದು ಅವನಿಂದಾಗಲಿಲ್ಲ.

"ನಂದು!" ಎಂದು ಕಿರುಚಿದ. ಕ್ವಾರಿಯೂ ಒಮ್ಮೆ ನಂದು ಎಂದಿತು. "ಅಷ್ಟೂ ನಂದು! ಹೌದು, ತಪ್ಪು ಹಲಗೆಗೇ ಹೊಡೆದೆ. ಆದ್ರೆ ಹೇಗೆ ಹೊಡೆದೆ ನೋಡಿ! ಅಧ್ಯಕ್ಷರು ಸರಿಯಾದ ಹಲಗೆಗೆ ನಿಂತು ಮಣ್ಣಿಗೆ ಹೊಡೆದಿದ್ದಾರೆ."

"ನೋಡಿದ್ಯಾ ಅಕ್ಕಾ?" ಮೈದುನ ಬೇಲಿಯ ಮೇಲೆ ಅರ್ಧ ಏರಿದ. "ಪಕ್ಕದವರ ಹಲಗೆಗೆ ಹೊಡೆದಿದ್ದಾರೆ! ಕಣ್ಣು ಹೋಗಿದೆ ಅಂತ ನಾನು ಹೇಳ್ತಾನೇ ಇದ್ದೆ!"

"ಹೌದಪ್ಪಾ, ಹತ್ತಿರದ್ದು ಮಂಜು! ಸೈಟು ಕಾಣ್ತಿರಲಿಲ್ಲ, ಅದಕ್ಕೇ ಬಣ್ಣ ಹಚ್ಚಿದೆ, ಈಗ ಕಾಣುತ್ತೆ. ನಿನ್ನ ಗಾಜು ನನಗೆ ಬೇಡ!"

ಹೆಂಡತಿ ಕೈ ಎತ್ತಿ ಇಬ್ಬರನ್ನೂ ನಿಲ್ಲಿಸಿದಳು. "ಒಂದು ನಿಮಿಷ. ಸೈಟು ಕಾಣ್ತಿರಲಿಲ್ಲ ಅಂದ್ರೆ? ಯಾವ ಸೈಟು?"

ಮೇಡಂ ಖಾಲಿ ಪಿಸ್ತೂಲಿನ ಗುಂಡಿನ ಗೂಡು ತೆರೆದಿಟ್ಟು, ಅವಳನ್ನು ಮೇಜಿನ ಬಳಿಗೆ ಕರೆದರು. ಗಡಿಯಾರಪ್ಪ ಕಿತ್ತಳೆ ಗೂಟವನ್ನು ಬೆರಳಿಟ್ಟು ತೋರಿಸಿದ.

"ಇದು ಮುಂದಿನ ಸೈಟು."

ಹೆಂಡತಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಇಷ್ಟೇನಾ? ಇದ್ರಲ್ಲಿ ಒಂದು ಇರುವೆ ಕಾಲು ಚಾಚಿ ಮಲಗೋಕಾಗಲ್ಲ!"

"ಹಿಂದಿನದು?" ಎಂದರು ಹೆಡ್‌ಮಿಸ್, ಇನ್ನೂ ಆಸೆ ಬಿಡದೆ.

"ಆ ಸೀಳು."

"ಅದಿರು?"

"ಅದು ಇಡೀ ಕಬ್ಬಿಣವೇ ಮಿಸ್."

ಹೆಂಡತಿಗೆ ನಗು ಬಂತೋ ಅಳು ಬಂತೋ ತಿಳಿಯುವಂತಿರಲಿಲ್ಲ. ಎರಡೂ ಒಟ್ಟಿಗೇ ಬಂದು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಂತಿತ್ತು. "ಎರಡು ದಿನದಿಂದ ಇನ್ನೊಂದು ಸಂಸಾರನೇ ಕಟ್ಟಿಬಿಟ್ಟಿದ್ದೆನಲ್ರೀ ನಾನು! ಕಣ್ಣು ಮಂಜು ಅಂತ ಒಂದು ಮಾತು ಹೇಳೋಕೆ ನಿಮಗೇನಾಗಿತ್ತು?"

"ನನಗೇನೂ ಆಗಿರಲಿಲ್ಲ. ಅದೇ ತಾನೇ ವಿಷಯ!" ಎಂದ ಗಡಿಯಾರಪ್ಪ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಪಕ್ಕದ ಹಲಗೆಗೆ ಹೊಡೆದರೆ ಅಂಕ ಇಲ್ಲ. ಇವರು ಫೇಲು. ನಿಯಮದ ಪ್ರಕಾರ..."

"ನಿಯಮದ ಪ್ರಕಾರ ಇಬ್ಬರೂ ಫೇಲು. ಇಬ್ಬರಿಗೂ ಇನ್ನೊಂದೇ ಅವಕಾಶ, ಈಗಲೇ. ಇಲ್ಲದಿದ್ದರೆ ಕ್ಲಬ್ಬಿಗೆ ಹೊಸ ಅಧ್ಯಕ್ಷರು ಬೇಕಾಗುತ್ತಾರೆ" ಎಂದರು ಮೇಡಂ.

ಹೊಸ ಹಾಳೆಗಳು ಏರಿದವು. ಗಡಿಯಾರಪ್ಪ ಈ ಸಲ ತನ್ನ ಹಲಗೆಯ ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ, ಹೆಂಡತಿಯಿಂದ ಸರಿ ಎನ್ನಿಸಿಕೊಂಡೇ ಕೈ ಚಾಚಿದ. ಗೊಂಚಲು ಮೊದಲಿನಷ್ಟು ಬಿಗಿಯಾಗಿರಲಿಲ್ಲ; ಆದರೆ ಕಪ್ಪಿನೊಳಗಿತ್ತು, ಅವನದೇ ಹಾಳೆಯಲ್ಲಿತ್ತು. ಪಾಸು!

ಅಧ್ಯಕ್ಷರು ತಮ್ಮ ಸರದಿಗೆ ಮುನ್ನ ಪಕ್ಕಕ್ಕೆ ಸರಿದು ಬಂದರು. "ಆ ಶೀಶೆ... ಇದೆಯಾ?"

"ಸ್ವಲ್ಪ ಗಟ್ಟಿಯಾಗಿ ಹೇಳಿ. ಇನ್ನು ನನ್ನ ಮೈದುನ ಕಿವಿಯೂ ಹೋಗಿದೆ ಅಂತಾನೆ."

ಅಧ್ಯಕ್ಷರು ಸುತ್ತ ನೋಡಿದರು. ಕ್ಲಬ್ಬಿನ ಸದಸ್ಯರೆಲ್ಲ ಕಿವಿಮುಚ್ಚಳ ತೆಗೆದು ನಿಂತಿದ್ದರು. "ನನ್ನ ಸೈಟಿಗೂ ಬಣ್ಣ ಹಚ್ಚಿ, ಮಾರಾಯರೇ. ನನಗೂ ಕಾಣ್ತಿಲ್ಲ!"

ಗಡಿಯಾರಪ್ಪ ಅಂಗಡಿಯಲ್ಲಿ ಗಿರಾಕಿಗಳನ್ನು ಕಾಯಿಸುವ ಗತ್ತಿನಿಂದ ನಿಧಾನವಾಗಿ ಹಚ್ಚಿಕೊಟ್ಟ. ಅಧ್ಯಕ್ಷರು ಕೂದಲೆಳೆಯಲ್ಲಿ ಪಾಸಾದರು. ಅವರ ಹಿಂದೆ ನರೆಗೂದಲಿನ ಸದಸ್ಯರು ಒಬ್ಬೊಬ್ಬರಾಗಿ ಪಿಸ್ತೂಲು ಮುಂದಿಟ್ಟುಕೊಂಡು ಮೇಜಿನ ಮುಂದೆ ಸಾಲು ನಿಂತರು. ಹೊಸ ರಕ್ತದ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಹೊರಡುವಾಗ ಮೈದುನ ಕೊನೆಯ ಪ್ರಯತ್ನ ಮಾಡಿದ. "ಭಾವ, ನಿಜ ಹೇಳಿ. ಆ ಹಲಗೆ ನಿಮಗೆ ಸ್ಪಷ್ಟವಾಗಿ ಕಂಡಿತಾ?"

"ಹಲಗೆ ಯಾಕೆ ಕಾಣಬೇಕು? ಅದು ಎಲ್ಲಿಗೂ ಓಡಿಹೋಗೋದಿಲ್ಲ. ನನ್ನ ಕೈಯಲ್ಲಿರೋದು ನನಗೆ ಕಂಡ್ರೆ ಸಾಕು."

ಹೇಳಿದವನೇ ತಲೆಯೆತ್ತಿ, ಯಾರಿಗೂ ಕಾಯದೆ ನಡೆದು, ಬಿಳಿ ಕಾರಿನ ಮುಂದಿನ ಬಾಗಿಲು ತೆರೆದು ಕೂತ. ಸೀಟು ಬಲು ಮೆತ್ತಗಿತ್ತು. ಮೈದುನ ಯಾವಾಗ ಇಷ್ಟು ಒಳ್ಳೆಯ ಸೀಟು ಹಾಕಿಸಿದ ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದು ಅಧ್ಯಕ್ಷರು ಒಳಗೆ ಬಗ್ಗಿದರು. ಅಂಗಳದ ಆಚೆ ತುದಿಯಲ್ಲಿ ಇನ್ನೊಂದು ಬಿಳಿ ಕಾರು. ಅದರ ಪಕ್ಕ ಹೆಂಡತಿ, ಮೈದುನ, ಹೆಡ್‌ಮಿಸ್, ಮೂವರೂ ಕಲ್ಲಿನಂತೆ ನಿಂತು ಇತ್ತಲೇ ನೋಡುತ್ತಿದ್ದರು. ಅಷ್ಟು ದೂರದಿಂದಲೂ ಮೈದುನನ ಬಾಯಿ ಅಗಲವಾಗುತ್ತಿರುವುದು ಗಡಿಯಾರಪ್ಪನಿಗೆ ಚೆನ್ನಾಗಿಯೇ ಕಂಡಿತು.

ಅವನು ಇಳಿಯಲಿಲ್ಲ. ಸೀಟ್ ಬೆಲ್ಟ್ ಎಳೆದು ಕೊಕ್ಕೆ ಹಾಕಿಕೊಂಡ.

"ಏನ್ ನೋಡ್ತಿದ್ದೀರಿ? ಹೊರಡಿ" ಎಂದ ಅಧ್ಯಕ್ಷರಿಗೆ. "ಬಸ್ ನಿಲ್ದಾಣದ ಹತ್ರ ಎಡಕ್ಕೆ ತಿರುಗಿದ್ರೆ ನಮ್ಮನೆ."